‘ಒಂದೇ ಕ್ವಾರ್ಟರ್ ಸಾರ್’: ಹಾಸ್ಟೆಲ್ ಕುಡಿತವನ್ನು ಅಳೆಯುವುದು, ಇಳಿಸುವುದು

‘ಜಾಸ್ತಿ ಏನಿಲ್ಲ ಸಾರ್, ಒಂದೇ ಕ್ವಾರ್ಟರ್.’ ಹಾಸ್ಟೆಲ್ ವಾರ್ಡನ್‌ಗೂ ಕಾಲೇಜು ಕೌನ್ಸೆಲರ್‌ಗೂ ಸಿಗುವ ಮಾಮೂಲಿ ಉತ್ತರ ಇದು. ಹುಡುಗ ಸುಳ್ಳು ಹೇಳುತ್ತಿದ್ದಾನೆ ಎಂದುಕೊಳ್ಳಬೇಕಿಲ್ಲ. ಅವನ ಲೆಕ್ಕದಲ್ಲಿ ಅದು ನಿಜವಾಗಿಯೂ ಒಂದೇ. ತಪ್ಪಿರುವುದು ಲೆಕ್ಕ. ಕಾಲೇಜು ಕುಡಿತ ಕಡಿಮೆ ಮಾಡುವ ಕೆಲಸ ಶುರುವಾಗಬೇಕಾದದ್ದು ಬುದ್ಧಿಮಾತಿನಿಂದಲ್ಲ, ಈ ಲೆಕ್ಕವನ್ನು ಸರಿಮಾಡುವುದರಿಂದ.

ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಲ್ಲಿ ಒಂದು ‘ಡ್ರಿಂಕ್’ ಎಂದರೆ 10 ಗ್ರಾಂ ಶುದ್ಧ ಆಲ್ಕೋಹಾಲ್. ನಮ್ಮಲ್ಲಿ ಮಾರುವ ವಿಸ್ಕಿ, ರಮ್, ಬ್ರಾಂಡಿಗಳಲ್ಲಿ ಸಾಮಾನ್ಯವಾಗಿ ಶೇ. 42.8 ಆಲ್ಕೋಹಾಲ್ ಇರುತ್ತದೆ. ಹಾಗಾಗಿ 30 ಮಿ.ಲೀ. ಸಣ್ಣ ಪೆಗ್ ಒಂದು ಡ್ರಿಂಕ್, 60ರ ಲಾರ್ಜ್ ಎರಡು, 90 ಮಿ.ಲೀ. ಟೆಟ್ರಾ ಪ್ಯಾಕ್ ಮೂರು. 180 ಮಿ.ಲೀ. ಕ್ವಾರ್ಟರ್ ಆರು ಡ್ರಿಂಕ್, ಅಂದರೆ 60 ಗ್ರಾಂ. ಬಿಯರ್‌ನದು ಇನ್ನೂ ಮೋಸದ ಲೆಕ್ಕ. ಶೇ. 5ರ ಮೈಲ್ಡ್ 650 ಮಿ.ಲೀ. ಬಾಟಲಿ ಎರಡೂವರೆ ಡ್ರಿಂಕ್ ಆದರೆ, ಅದೇ ಅಳತೆಯ ಶೇ. 8ರ ಸ್ಟ್ರಾಂಗ್ ನಾಲ್ಕು. ‘ಬರೀ ಬಿಯರ್ ಅಷ್ಟೇ’ ಎನ್ನುವವನು ಎರಡು ಸ್ಟ್ರಾಂಗ್ ಮುಗಿಸಿದರೆ ಕ್ವಾರ್ಟರ್ ಹಾಕಿದವನನ್ನು ದಾಟಿ ಹೋಗಿರುತ್ತಾನೆ.

ಇದೇಕೆ ಮುಖ್ಯ ಎಂದರೆ, ಕುಡಿತದ ತೀವ್ರತೆ ತಿಳಿಯಲು ಎಲ್ಲೆಡೆ ಬಳಸುವ ‘ಆಡಿಟ್’ ಪ್ರಶ್ನಾವಳಿ ನಿಂತಿರುವುದೇ ಇದರ ಮೇಲೆ. ಹತ್ತು ಪ್ರಶ್ನೆ, ಗರಿಷ್ಠ 40 ಅಂಕ. ಕುಡಿದ ದಿನ ಸಾಮಾನ್ಯವಾಗಿ ಎಷ್ಟು ಡ್ರಿಂಕ್ ಎಂಬುದು ಎರಡನೇ ಪ್ರಶ್ನೆ. ಒಂದೇ ಸಲಕ್ಕೆ ಆರು ಅಥವಾ ಅದಕ್ಕಿಂತ ಹೆಚ್ಚು ಡ್ರಿಂಕ್ ಎಷ್ಟು ಬಾರಿ ಎಂಬುದು ಮೂರನೆಯದು. ಫಾರಂ ಕೈಗೆ ಕೊಟ್ಟು ಸುಮ್ಮನೆ ಕೂತರೆ ಹುಡುಗ ಗ್ಲಾಸ್ ಎಣಿಸಿ ‘2’ ಎಂದು ಬರೆಯುತ್ತಾನೆ, ಮೂರನೇ ಪ್ರಶ್ನೆಯ ‘ಆರು’ ಅವನಿಗೆ ದೂರದ ಮಾತಾಗುತ್ತದೆ. ಅಂಕ 4ಕ್ಕೋ 5ಕ್ಕೋ ನಿಲ್ಲುತ್ತದೆ. ಕ್ವಾರ್ಟರ್, ನೈಂಟಿ, ಬಿಯರ್ ಬಾಟಲಿಗಳ ಚಿತ್ರ ಹಾಕಿ ಪಕ್ಕದಲ್ಲಿ ಡ್ರಿಂಕ್ ಸಂಖ್ಯೆ ಬರೆದ ಒಂದು ಹಾಳೆ ಜೊತೆಗಿಟ್ಟರೆ ಅವನೇ ಉತ್ತರ ತಿದ್ದುತ್ತಾನೆ. 8ರಿಂದ 15 ಅಂಕ ಬಂದರೆ ಅಪಾಯದ ಕುಡಿತ, ಒಂದು ನೇರ ಸಲಹೆ ಸಾಕಾಗಬಹುದು. 16ರಿಂದ 19ಕ್ಕೆ ಕೂತು ಮಾತಾಡುವ ಆಪ್ತಸಮಾಲೋಚನೆ, ಮೇಲಿಂದ ಮೇಲೆ ವಿಚಾರಣೆ ಬೇಕು. 20 ಮುಟ್ಟಿದರೆ ವೈದ್ಯರ ಬಳಿಗೆ.

ಹೆಚ್ಚಿನ ಕಾಲೇಜುಗಳು ಇಷ್ಟು ದೂರ ಬರುವುದೇ ಇಲ್ಲ. ವರ್ಷಕ್ಕೊಂದು ಉಪನ್ಯಾಸ, ಲಿವರ್ ಚಿತ್ರದ ಪೋಸ್ಟರ್, ಪ್ರತಿಜ್ಞಾವಿಧಿ, ಅಲ್ಲಿಗೆ ಮುಗಿಯಿತು. ಕಾಲೇಜು ಕುಡಿತಕ್ಕೆ ಮದ್ದಾಗಬಹುದಾದ ಹತ್ತಾರು ಉಪಾಯಗಳನ್ನು ತೂಗಿ ಅಮೆರಿಕದ ರಾಷ್ಟ್ರೀಯ ಮದ್ಯಪಾನ ಸಂಶೋಧನಾ ಸಂಸ್ಥೆ 2015ರಲ್ಲಿ ‘ಕಾಲೇಜ್‌ಏಮ್’ ಎಂಬ ಪಟ್ಟಿ ಹೊರತಂದಿತು. ಅದರಲ್ಲಿ ಬರೀ ಮಾಹಿತಿ ಕೊಡುವ ಕಾರ್ಯಕ್ರಮಕ್ಕೆ ಸಿಕ್ಕಿದ್ದು ‘ಪರಿಣಾಮವಿಲ್ಲ’ ಎಂಬ ಷರಾ. ಕುಡಿತ ಕೆಟ್ಟದ್ದು ಎಂದು ಗೊತ್ತಿಲ್ಲದ ವಿದ್ಯಾರ್ಥಿ ಯಾರಿದ್ದಾರೆ? ಗೊತ್ತಿಲ್ಲದಿರುವುದು ತನ್ನ ಕುಡಿತದ ಅಳತೆ.

ಅದೇ ಪಟ್ಟಿಯಲ್ಲಿ ಮೇಲಿನ ಸಾಲಿನಲ್ಲಿರುವುದು ‘ಬೇಸಿಕ್ಸ್’ ಎಂಬ ವಿಧಾನ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅಲನ್ ಮಾರ್ಲಾಟ್ ಮತ್ತವರ ಜೊತೆಗಾರರು ರೂಪಿಸಿದ್ದು. ಎರಡೇ ಭೇಟಿ, ಒಂದೊಂದೂ ಹೆಚ್ಚೆಂದರೆ ಒಂದು ಗಂಟೆ. ಮೊದಲ ಭೇಟಿಯಲ್ಲಿ ಪ್ರಶ್ನೆ ಕೇಳಿ, ಒಂದು ಚೀಟಿ ಕೊಡುವುದು. ಒಂದೆರಡು ವಾರ ಕುಡಿದ ದಿನವೆಲ್ಲ ಎಷ್ಟು ಹೊತ್ತಿಗೆ, ಯಾರ ಜೊತೆ, ಎಷ್ಟು ಡ್ರಿಂಕ್ ಎಂದು ಬರೆಯಬೇಕು. ಮಾರನೆಯ ದಿನ ನೆನಪಿನಿಂದ ಬರೆದರೆ ಅರ್ಧ ಹಾರಿಹೋಗುತ್ತದೆ, ಆಗಲೇ ಮೊಬೈಲ್‌ನಲ್ಲಿ ಗುರುತು ಹಾಕಿಕೊಳ್ಳಲು ಹೇಳುವುದು ಒಳ್ಳೆಯದು. ಎರಡನೇ ಭೇಟಿಯಲ್ಲಿ ಅವನದೇ ಅಂಕಿಗಳ ಒಂದು ಪುಟ ಅವನ ಮುಂದಿಡುವುದು: ತಿಂಗಳಿಗೆ ಎಷ್ಟು ಡ್ರಿಂಕ್, ಎಷ್ಟು ದುಡ್ಡು, ಕುಡಿತದಿಂದ ತಪ್ಪಿದ ಕ್ಲಾಸ್ ಎಷ್ಟು, ರಕ್ತದಲ್ಲಿ ಏರಿದ ಗರಿಷ್ಠ ಪ್ರಮಾಣ ಎಷ್ಟು.

ಈ ಕೊನೆಯದನ್ನು ಅಲ್ಲೇ ಕೂತು ಲೆಕ್ಕ ಹಾಕಿ ತೋರಿಸಬಹುದು. ಕುಡಿದ ಆಲ್ಕೋಹಾಲ್ ಗ್ರಾಂಗಳನ್ನು ದೇಹದ ತೂಕದಿಂದ ಭಾಗಿಸಿ, ಗಂಡಸರಿಗೆ ಸುಮಾರು 0.68, ಹೆಂಗಸರಿಗೆ 0.55ರಿಂದ ಮತ್ತೆ ಭಾಗಿಸಬೇಕು. ಬಂದದ್ದನ್ನು ನೂರರಿಂದ ಗುಣಿಸಿದರೆ 100 ಮಿ.ಲೀ. ರಕ್ತಕ್ಕೆ ಎಷ್ಟು ಮಿಲಿಗ್ರಾಂ ಎಂಬ ಅಂದಾಜು. 60 ಕಿಲೋ ಹುಡುಗ, ಒಂದು ಕ್ವಾರ್ಟರ್: ಸುಮಾರು 147. ಇಳಿಯುವುದು ಗಂಟೆಗೆ 15ರ ಆಸುಪಾಸು. ರಾತ್ರಿ 10ಕ್ಕೆ ಶುರುಮಾಡಿದವನ ರಕ್ತದಲ್ಲಿ ಬೆಳಗಿನ 5ಕ್ಕೆ ಇನ್ನೂ 40ರಷ್ಟು ಉಳಿದಿರುತ್ತದೆ. ಮೋಟಾರು ವಾಹನ ಕಾಯ್ದೆಯ ಮಿತಿ 30. ಅಂದರೆ ‘ಮಲಗಿ ಎದ್ದೆ, ಇಳಿದಿದೆ’ ಎಂದು ಬೆಳಗಿನ ಜಾವ ಬೈಕ್ ಹತ್ತಿ ನಂದಿ ಬೆಟ್ಟಕ್ಕೆ ಹೊರಟವನು ಕಾನೂನಿನ ಪ್ರಕಾರ ಕುಡಿದೇ ಓಡಿಸುತ್ತಿದ್ದಾನೆ. ಅದೇ ಕ್ವಾರ್ಟರ್ 45 ಕಿಲೋ ಹುಡುಗಿಗೆ 240 ದಾಟುತ್ತದೆ, ಪೂರ್ತಿ ಇಳಿಯಲು ಮಾರನೆಯ ಮಧ್ಯಾಹ್ನ ಬೇಕು. ಇದು ಅಂದಾಜು ಮಾತ್ರ. ಹೊಟ್ಟೆ ಖಾಲಿಯೋ ತುಂಬಿತ್ತೋ ಎಂಬುದರ ಮೇಲೆ, ಒಬ್ಬರಿಂದೊಬ್ಬರಿಗೆ, ವ್ಯತ್ಯಾಸ ಇದ್ದೇ ಇರುತ್ತದೆ. ‘ಇಷ್ಟು ಕುಡಿದರೆ ಓಡಿಸಬಹುದು’ ಎಂದು ತಿರುಗಿಸಿ ಬಳಸುವ ಸೂತ್ರ ಇದಲ್ಲ.

ಪುಟ ಎಷ್ಟೇ ಚೆನ್ನಾಗಿದ್ದರೂ ಮಾತು ಕೆಟ್ಟರೆ ಎಲ್ಲ ಕೆಟ್ಟಿತು. ‘ಯಾಕೋ ಕುಡೀತೀಯ? ಮನೇಲಿ ಎಷ್ಟು ಕಷ್ಟಪಟ್ಟು ಓದಿಸ್ತಿದ್ದಾರೆ ಗೊತ್ತಾ?’ ಎಂದ ಕ್ಷಣ ಹುಡುಗ ತಲೆ ತಗ್ಗಿಸುತ್ತಾನೆ, ‘ಇನ್ಮೇಲೆ ಇಲ್ಲ ಸಾರ್’ ಎನ್ನುತ್ತಾನೆ, ಶನಿವಾರ ಮತ್ತೆ ಹೋಗುತ್ತಾನೆ. ಕೇಳಬೇಕಾದ್ದು ಬೇರೆ: ‘ಕುಡಿದಾಗ ನಿಂಗೆ ಏನು ಇಷ್ಟ ಆಗುತ್ತೆ?’ ಇದನ್ನು ಮೊದಲು ಕೇಳಬೇಕು, ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಬೇಕು. ಆಮೇಲೆ, ‘ಇಷ್ಟ ಆಗದೇ ಇರೋದು ಏನಾದ್ರೂ ಇದೆಯಾ?’ ಆಮೇಲೆ ಅಂಕದ ಪ್ರಶ್ನೆ: ‘ಕಡಿಮೆ ಮಾಡೋದು ನಿಂಗೆ ಎಷ್ಟು ಮುಖ್ಯ, ಹತ್ತಕ್ಕೆ ಎಷ್ಟು?’ ಅವನು ನಾಲ್ಕು ಎಂದರೆ ‘ಯಾಕಪ್ಪಾ ಬರೀ ನಾಲ್ಕು?’ ಎನ್ನಬಾರದು. ಕುಡಿತದ ಪರ ವಾದಗಳು ಸಾಲಾಗಿ ಬರುತ್ತವೆ. ‘ಎರಡು ಅನ್ನಲಿಲ್ವಲ್ಲ, ನಾಲ್ಕು ಯಾಕೆ?’ ಎಂದರೆ ಬಿಡಲು ಬೇಕಾದ ಕಾರಣಗಳನ್ನು ಅವನೇ ಹುಡುಕಿ ಹೇಳುತ್ತಾನೆ. ತನ್ನ ಬಾಯಿಂದ ಬಂದ ಕಾರಣಕ್ಕೆ ಇರುವ ತೂಕ ವಾರ್ಡನ್ ಹೇಳಿದ್ದಕ್ಕಿಲ್ಲ.

ಮನಶ್ಶಾಸ್ತ್ರದ ಡಿಗ್ರಿ ಇರುವವರೇ ಬೇಕೆಂದೇನಿಲ್ಲ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಂಗಾತ್ ಸಂಸ್ಥೆ ನಡೆಸಿದ ಪ್ರಯೋಗದಲ್ಲಿ ತರಬೇತಿ ಪಡೆದ ಸಾಮಾನ್ಯ ಜನರೇ ಹೆಚ್ಚೆಂದರೆ ನಾಲ್ಕು ಭೇಟಿಗಳಲ್ಲಿ ಮಾತಾಡಿದರು. ಮೂರು ತಿಂಗಳ ನಂತರ ಆಡಿಟ್ ಅಂಕ 8ಕ್ಕಿಂತ ಕೆಳಗಿಳಿದವರು ಈ ಮಾತುಕತೆ ಸಿಕ್ಕವರಲ್ಲಿ ಶೇ. 36, ಸಿಗದವರಲ್ಲಿ ಶೇ. 26. ಅಲ್ಲಿದ್ದವರು ವಿದ್ಯಾರ್ಥಿಗಳಲ್ಲ, 18ರಿಂದ 65 ವಯಸ್ಸಿನ ಗಂಡಸರು. ಹಾಗಿದ್ದರೂ ಕಲಿತರೆ ಮೆಂಟರ್ ಲೆಕ್ಚರರ್ ಒಬ್ಬರು ಈ ಕೆಲಸ ಮಾಡಬಲ್ಲರು ಎನ್ನಲು ಅಡ್ಡಿಯಿಲ್ಲ. ಒಂದೇ ಷರತ್ತು: ಇಂಟರ್ನಲ್ಸ್ ಅಂಕ ಕೊಡುವವರು, ಶಿಸ್ತು ಸಮಿತಿಯಲ್ಲಿ ಕೂರುವವರು ಆ ಕುರ್ಚಿಯಲ್ಲಿ ಇರಕೂಡದು.

‘ಎಲ್ಲರೂ ಕುಡೀತಾರೆ’ ಎಂಬ ಮಾತಿಗೂ ಲೆಕ್ಕ ಬೇಕು. 1986ರಲ್ಲಿ ನ್ಯೂಯಾರ್ಕ್ ರಾಜ್ಯದ ಕಾಲೇಜೊಂದರಲ್ಲಿ ವೆಸ್ಲಿ ಪರ್ಕಿನ್ಸ್ ಮತ್ತು ಅಲನ್ ಬರ್ಕೊವಿಟ್ಸ್ ಕಂಡದ್ದು, ಸಹಪಾಠಿಗಳ ಕುಡಿತವನ್ನು ವಿದ್ಯಾರ್ಥಿಗಳು ನಿಜಕ್ಕಿಂತ ಹೆಚ್ಚೆಂದು ನಂಬಿರುತ್ತಾರೆ ಎಂಬುದು. ಭಾರತದಲ್ಲಿ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15 ದಾಟಿದ ಗಂಡಸರಲ್ಲಿ ಕುಡಿಯುವವರು ಶೇ. 19ರಷ್ಟು, ಹೆಂಗಸರಲ್ಲಿ ಶೇ. 1ರ ಆಸುಪಾಸು. ಆದರೆ ದೇಶದ ಅಂಕಿ ತೋರಿಸಿದರೆ ಹಾಸ್ಟೆಲ್ ಹುಡುಗ ನಗುತ್ತಾನೆ. ನಿಮ್ಮದೇ ಬ್ಲಾಕ್‌ನಲ್ಲಿ ಹೆಸರಿಲ್ಲದ ಚೀಟಿಯಲ್ಲಿ ಎರಡು ಪ್ರಶ್ನೆ ಕೇಳಿ: ಕಳೆದ 30 ದಿನದಲ್ಲಿ ನೀನು ಎಷ್ಟು ದಿನ ಕುಡಿದೆ, ನಿನ್ನ ಬ್ಯಾಚ್‌ನಲ್ಲಿ ನೂರಕ್ಕೆ ಎಷ್ಟು ಜನ ಕುಡಿಯುತ್ತಾರೆ ಅನ್ನಿಸುತ್ತದೆ. ನಿಜಕ್ಕೂ ಕುಡಿದವರು ನೂರಕ್ಕೆ ಎಷ್ಟು, ಅವರು ಅಂದಾಜಿಸಿದ್ದು ಎಷ್ಟು, ಆ ಅಂತರವೇ ನಿಮ್ಮ ಪೋಸ್ಟರ್. ಎಚ್ಚರಿಕೆ ಒಂದಿದೆ. ಕುಡಿಯದವರು ನಿಜಕ್ಕೂ ಬಹುಮತದಲ್ಲಿದ್ದರೆ ಮಾತ್ರ ಇದನ್ನು ಹಾಕಿ. ಫೈನಲ್ ಇಯರ್ ಬ್ಲಾಕ್‌ನಲ್ಲಿ ಹೆಚ್ಚಿನವರು ಕುಡಿಯುತ್ತಿದ್ದರೆ ಆ ಅಂಕಿ ಉಳಿದವರಿಗೆ ಆಮಂತ್ರಣವಾಗುತ್ತದೆ.

ಕಡಿಮೆ ಮಾಡುತ್ತೇನೆ ಎಂದವನಿಗೆ ‘ಕಂಟ್ರೋಲ್ ಮಾಡ್ಕೋ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಎಣ್ಣೆ ಪಾರ್ಟಿಯಲ್ಲಿ ಅಳತೆ ತಪ್ಪಿಸುವುದು ಕಾಂಟ್ರಿ ಪದ್ಧತಿ. ಎಲ್ಲರೂ ಸಮ ದುಡ್ಡು ಹಾಕಿದ ಮೇಲೆ ಕಡಿಮೆ ಕುಡಿದವನಿಗೆ ನಷ್ಟ, ದುಡ್ಡಿಗೆ ತಕ್ಕಷ್ಟು ಕುಡಿಯಲು ನೋಡುತ್ತಾನೆ. ಫುಲ್ ಬಾಟಲಿಗೆ ಸೇರಬೇಡ, ನಿನ್ನದು ನೀನೇ ತಗೋ, 90ಕ್ಕಿಂತ ದೊಡ್ಡದು ತಗೋಬೇಡ ಎಂಬ ಒಂದು ಮಾತು ಹತ್ತು ಉಪದೇಶಕ್ಕೆ ಸಮ. ಶೇಂಗಾ ಮಸಾಲೆ, ಚಿಪ್ಸ್ ಊಟವಲ್ಲ. ಮೆಸ್‌ನಲ್ಲಿ ಅನ್ನ ಸಾರು ಉಂಡು ಹೋಗಬೇಕು. ಕಣ್ಣಳತೆಯಲ್ಲಿ ಸುರಿದರೆ 30 ಎಂದುಕೊಂಡದ್ದು 50 ಆಗಿರುತ್ತದೆ, ಕೆಮ್ಮಿನ ಔಷಧದ ಅಳತೆ ಮುಚ್ಚಳವಾದರೂ ಬಳಸಲಿ. ಎನರ್ಜಿ ಡ್ರಿಂಕ್ ಬೆರೆಸಿದರೆ ಅಮಲು ಇಳಿಯುವುದಿಲ್ಲ, ನಿದ್ದೆ ಮಾತ್ರ ಹೋಗುತ್ತದೆ, ಅದರಿಂದ ಇನ್ನೆರಡು ಪೆಗ್ ಹೆಚ್ಚು ಇಳಿಯುತ್ತದೆ. ಆತಂಕಕ್ಕೋ ನಿದ್ದೆಗೋ ಮಾತ್ರೆ ತಗೊಳ್ಳುವವರು ಒಂದು ತೊಟ್ಟೂ ಮುಟ್ಟಬಾರದು, ಎರಡೂ ಸೇರಿ ಉಸಿರನ್ನೇ ಕುಗ್ಗಿಸುತ್ತವೆ. ಇನ್ನು ‘ಅವನಿಗೆ ಎಷ್ಟು ಹಾಕಿದ್ರೂ ಏರಲ್ಲ ಗುರು’ ಎಂದು ಹೊಗಳಿಸಿಕೊಳ್ಳುವವನ ಮೇಲೆ ಕಣ್ಣಿಡಿ. ಏರದಿರುವುದು ಗಟ್ಟಿತನವಲ್ಲ, ಚಟ ಹತ್ತುವ ಅಪಾಯ ಅವನಿಗೇ ಜಾಸ್ತಿ. ಅಪ್ಪನೋ ಚಿಕ್ಕಪ್ಪನೋ ಕುಡುಕರಾಗಿದ್ದರಂತೂ ಇನ್ನೂ ಜಾಸ್ತಿ.

ಕಡಿಮೆ ಕುಡಿ ಎನ್ನುವುದು ಕುಡಿ ಎಂದಂತಲ್ಲವೇ ಎಂದು ಪೋಷಕರು ಕೇಳುತ್ತಾರೆ. ಕರ್ನಾಟಕದ ಅಬಕಾರಿ ನಿಯಮದಂತೆ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ, ಅದನ್ನು ಹುಡುಗನಿಗೆ ನೇರವಾಗಿ ಹೇಳಲೇಬೇಕು. ಕುಡಿಯದಿರುವುದೇ ಕ್ಷೇಮ ಎಂಬುದನ್ನೂ ಹೇಳಬೇಕು. ಆದರೆ ಈಗಾಗಲೇ ವಾರಕ್ಕೆರಡು ಕ್ವಾರ್ಟರ್ ಹಾಕುವವನ ಮುಂದೆ ‘ಸೊನ್ನೆ’ಯೊಂದನ್ನೇ ಇಟ್ಟರೆ ಅವನು ಎರಡನೇ ಭೇಟಿಗೆ ಬರುವುದೇ ಇಲ್ಲ.

ಹಾಸ್ಟೆಲ್ ನಿಯಮಗಳ ಬಗ್ಗೆ ಒಂದು ಖಾರದ ಮಾತು. ರೂಮು ತಪಾಸಣೆ, ದಂಡ, ಸಸ್ಪೆನ್ಷನ್‌ಗಳಿಂದ ಕುಡಿತ ನಿಲ್ಲುವುದಿಲ್ಲ, ಗೇಟಿನ ಹೊರಗೆ ಹೋಗುತ್ತದೆ. ಒಂಬತ್ತೂವರೆಗೆ ಗೇಟ್ ಹಾಕುತ್ತಾರೆಂದರೆ ಎರಡು ಗಂಟೆಯಲ್ಲಿ ಕುಡಿಯುವುದನ್ನು ಅರ್ಧ ಗಂಟೆಯಲ್ಲಿ ಮುಗಿಸಿ, ಅದೇ ಸ್ಥಿತಿಯಲ್ಲಿ ಬೈಕ್ ಓಡಿಸಿಕೊಂಡು ಬರುತ್ತಾರೆ. ಇದಕ್ಕಿಂತ ಘೋರ, ಯಾರಾದರೂ ಎಚ್ಚರ ತಪ್ಪಿದಾಗ ‘ವಾರ್ಡನ್‌ಗೆ ಗೊತ್ತಾದ್ರೆ ಎಲ್ರೂ ಸಿಕ್ಕಿಬೀಳ್ತೀವಿ’ ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. ಅಮೆರಿಕದ ಹಲವು ಕಾಲೇಜುಗಳಲ್ಲಿ ಇದಕ್ಕೊಂದು ವಿನಾಯಿತಿ ನಿಯಮವಿದೆ, ನಮ್ಮಲ್ಲೂ ಬರೆಯಬಹುದು: ‘ಸಹಾಯಕ್ಕೆ ಕರೆದವರ ಮೇಲೂ ಅಸ್ವಸ್ಥನಾದವನ ಮೇಲೂ ಆ ರಾತ್ರಿಯ ಕುಡಿತಕ್ಕಾಗಿ ಶಿಸ್ತುಕ್ರಮವಿಲ್ಲ, ಎರಡು ಆಪ್ತಸಮಾಲೋಚನೆ ಕಡ್ಡಾಯ, ರ್‍ಯಾಗಿಂಗ್, ಹಲ್ಲೆ, ಲೈಂಗಿಕ ಕಿರುಕುಳಕ್ಕೆ ಈ ವಿನಾಯಿತಿ ಅನ್ವಯಿಸದು.’ ಜೂನಿಯರ್‌ಗಳಿಗೆ ಬಲವಂತವಾಗಿ ಕುಡಿಸುವುದು ರ್‍ಯಾಗಿಂಗ್. ಇದನ್ನು ಪ್ರವೇಶದ ದಿನವೇ ಹೇಳಿ, ಮೊದಲ ಆರು ವಾರ ಅತ್ತ ಹೆಚ್ಚು ಗಮನ ಇರಲಿ.

ಎಚ್ಚರ ತಪ್ಪಿದವನ ವಿಷಯದಲ್ಲಿ ಕೊಠಡಿಯವರೆಲ್ಲರಿಗೂ ಗೊತ್ತಿರಬೇಕಾದದ್ದು ಇಷ್ಟು. ಕೂಗಿದರೂ ಚಿವುಟಿದರೂ ಏಳದಿದ್ದರೆ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾದರೆ ಅಥವಾ ನಡುವೆ ಹತ್ತು ಸೆಕೆಂಡ್ ನಿಂತರೆ, ತುಟಿ ನೀಲಿಗಟ್ಟಿ ಮೈ ತಣ್ಣಗಾದರೆ, ಫಿಟ್ಸ್ ಬಂದರೆ ತಕ್ಷಣ 108ಕ್ಕೆ ಕರೆ ಮಾಡಬೇಕು. ಈ ಎಲ್ಲ ಲಕ್ಷಣ ಸೇರುವ ತನಕ ಕಾಯಬೇಡಿ, ಒಂದು ಕಂಡರೂ ಸಾಕು. ಮಗ್ಗುಲಾಗಿ ಮಲಗಿಸಿ, ಮೇಲಿನ ಕಾಲನ್ನು ಮಡಿಸಿ ಮುಂದಕ್ಕಿಟ್ಟು, ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ, ಬಾಯಿ ನೆಲದ ಕಡೆ ಇರುವಂತೆ ನೋಡಿಕೊಳ್ಳಿ. ಅಂಗಾತ ಮಲಗಿಸಿದರೆ ವಾಂತಿ ಶ್ವಾಸನಾಳಕ್ಕೆ ಇಳಿಯುತ್ತದೆ. ಮಜ್ಜಿಗೆ, ನಿಂಬೆರಸ, ಕಾಫಿ, ತಣ್ಣೀರು ಸ್ನಾನ ಯಾವುದೂ ಆಲ್ಕೋಹಾಲನ್ನು ಇಳಿಸುವುದಿಲ್ಲ. ಅರೆಪ್ರಜ್ಞೆಯಲ್ಲಿರುವವನ ಬಾಯಿಗೆ ಸುರಿದ ಮಜ್ಜಿಗೆಯೇ ಉಸಿರು ಕಟ್ಟಿಸಬಹುದು. ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಕೊನೆಯ ಗುಟುಕಿನ ನಂತರವೂ ರಕ್ತದ ಪ್ರಮಾಣ ಏರುತ್ತಿರುತ್ತದೆ, ಹಾಗಾಗಿ ‘ಮಲಗ್ಲಿ ಬಿಡು’ ಎಂದು ಒಬ್ಬನೇ ಬಿಟ್ಟು ಹೋಗುವಂತಿಲ್ಲ.

ಬೆಳಿಗ್ಗೆ ಕೈ ನಡುಗುತ್ತದೆ, ಬೆವರುತ್ತದೆ, ಒಂದು ಪೆಗ್ ಹಾಕಿದರೆ ಸರಿಹೋಗುತ್ತದೆ ಎನ್ನುವ ವಿದ್ಯಾರ್ಥಿಯ ದಾರಿಯೇ ಬೇರೆ. ಅವನಿಂದ ‘ನಾಳೆಯಿಂದ ಬಂದ್’ ಎಂದು ಆಣೆ ಹಾಕಿಸುವುದು ಅಪಾಯಕರ. ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಆಮೇಲೆ ಭ್ರಮೆ, ಕನವರಿಕೆ ಶುರುವಾಗಬಹುದು. ವೈದ್ಯರ ನಿಗಾದಲ್ಲಿ ಮಾತ್ರೆ ಮತ್ತು ಥಯಮಿನ್ (ವಿಟಮಿನ್ ಬಿ1) ಕೊಟ್ಟು ಬಿಡಿಸಬೇಕಾದದ್ದು ಇದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಾದರೂ ಆಗಬಹುದು, ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರವಾದರೂ ಆಗಬಹುದು. ಯಾರ ಬಳಿ ಹೋಗಬೇಕೆಂದು ತಿಳಿಯದಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯವರು ‘ಕುಡಿತ ಬಿಡಿಸುವ ಪುಡಿ’ ತಂದು ಊಟದಲ್ಲಿ ಗುಟ್ಟಾಗಿ ಬೆರೆಸುವುದನ್ನು ತಡೆಯಿರಿ. ಅದರಲ್ಲಿ ಡೈಸಲ್ಫಿರಾಮ್ (ಮದ್ಯದ ಜೊತೆ ಸೇರಿದರೆ ಮೈಗೆ ತೀವ್ರ ತೊಂದರೆ ಕೊಡುವ ಔಷಧ) ಇದ್ದು, ಗೊತ್ತಿಲ್ಲದೆ ಅವನು ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರಬಹುದು.

ಚಿಕಿತ್ಸೆಗೆ ಹೋದ ವಾರಗಳ ಹಾಜರಾತಿ ಏನಾಗುತ್ತದೆ ಎಂಬುದನ್ನು ಪ್ರಾಂಶುಪಾಲರು ಮೊದಲೇ ಬರಹದಲ್ಲಿ ಹೇಳಬೇಕು, ‘ವೈದ್ಯಕೀಯ ರಜೆ’ ಎಂದಷ್ಟೇ ದಾಖಲಿಸಬೇಕು. ವಾಪಸ್ ಬಂದವನನ್ನು ಅದೇ ರೂಮಿಗೆ, ಅದೇ ಗುಂಪಿಗೆ ಹಾಕುವ ಮುನ್ನ ಒಮ್ಮೆ ಅವನನ್ನೇ ಕೇಳಿ. ಒಂದು ತಿಂಗಳಿಗೆ, ಮೂರು ತಿಂಗಳಿಗೆ, ಪರೀಕ್ಷೆ ಮುಗಿದ ಸಂಜೆ ಮತ್ತು ಕಾಲೇಜ್ ಫೆಸ್ಟ್‌ನ ಹಿಂದಿನ ದಿನ ಒಂದು ಫೋನ್ ಮಾಡಿ. ಜಾರುವ ಸಂಭವ ಹೆಚ್ಚಿರುವುದು ಆ ಎರಡು ಸಂಜೆಗಳಲ್ಲೇ.