ಹುಣಸೆಹಣ್ಣಿನಲ್ಲಿ ಸವೆದ ಕಿರೀಟ

ತೀರ್ಥಹಳ್ಳಿ ಕಡೆ ಒಂದು ಹಳೇ ತೊಟ್ಟಿಮನೆ ಬಿಚ್ಚುತ್ತಿದ್ದಾರೆ ಅಂತ ಸುದ್ದಿ ಬಂತು. ನಾನು ಹೋಗುವಷ್ಟರಲ್ಲಿ ಕಂಬ, ಬಾಗಿಲು ಕೊಳ್ಳುವವರು ಬಂದು ಕೂತಿದ್ದರು. ನನ್ನ ಕಣ್ಣು ಅಟ್ಟದ ಸಾಮಾನಿನ ಮೇಲೆ. ಅಲ್ಲಿ ಸಿಕ್ಕಿತು ಒಂದು ಸ್ವಾಗರ್ ಸ್ಟಿಕ್.

ಮಿಲಿಟರಿ ಅಧಿಕಾರಿಗಳು ಕಂಕುಳಲ್ಲಿ ಸಿಕ್ಕಿಸಿಕೊಳ್ಳುತ್ತಾರಲ್ಲ, ಆ ಗಿಡ್ಡ ಕೋಲು. ಮೊದಲ ಮಹಾಯುದ್ಧಕ್ಕೆ ಮುಂಚೆ ಬ್ರಿಟಿಷ್ ಸೈನ್ಯದ ಸಾಮಾನ್ಯ ಸಿಪಾಯಿಗಳೂ ಪೇಟೆಗೆ ಹೊರಟರೆ ಇದನ್ನು ಹಿಡಿಯುತ್ತಿದ್ದರು. ಇದರ ಮುತ್ತಜ್ಜ ರೋಮನ್ ಸೈನ್ಯದ ದಳನಾಯಕರಾದ ಸೆಂಚುರಿಯನ್ನರ ದ್ರಾಕ್ಷಿಬಳ್ಳಿಯ ಕೋಲು ಅನ್ನುವವರಿದ್ದಾರೆ. ಅದು ಬರೀ ಶೋಕಿಗಲ್ಲ, ಸಿಪಾಯಿಗಳ ಬೆನ್ನಿಗೂ ಬೀಳುತ್ತಿತ್ತು.

"ಬೆಳ್ಳಿ ತಲೆ, ನೋಡಿ" ಅಂದರು ಮನೆಯವರು. ಬೆಳ್ಳಿಯಾದರೆ ಶುದ್ಧತೆ ತೋರಿಸುವ ಇಂಗ್ಲೆಂಡಿನ ಮುದ್ರೆ ಇರಬೇಕು: ನಡೆಯುವ ಸಿಂಹ, ಬರ್ಮಿಂಗ್‌ಹ್ಯಾಮಿನದಾದರೆ ಪಕ್ಕದಲ್ಲಿ ಲಂಗರು. ಇಲ್ಲಿ ಅದೇನೂ ಇರಲಿಲ್ಲ. ಅಂಚಿನಲ್ಲಿ ಹಳದಿ ಇಣುಕುತ್ತಿತ್ತು. ಹಿತ್ತಾಳೆಗೆ ನಿಕ್ಕಲ್ ಲೇಪ, ಅಷ್ಟೇ. ಆದರೆ ಬೆರಳಾಡಿಸಿದರೆ ಕಿರೀಟದ ಗುರುತು ಸಿಗುತ್ತಿತ್ತು. ನಮ್ಮ ಸೈನ್ಯದ ಲಾಂಛನಗಳಲ್ಲಿ 1950ರ ನಂತರ ಕಿರೀಟ ಹೋಗಿ ಅಶೋಕನ ಸಿಂಹ ಬಂತು. ಅಂದರೆ ಇದು ಅದಕ್ಕೂ ಹಿಂದಿನದು. ಯಾವ ರೆಜಿಮೆಂಟು? ಅಕ್ಷರವೆಲ್ಲ ನುಣ್ಣಗಾಗಿತ್ತು.

ಯಾಕೆ ಸವೆದಿದೆ ಅಂತ ಕೇಳಿದ್ದಕ್ಕೆ ಮನೆಯ ಹಿರಿಯಮ್ಮ ನಕ್ಕರು. ಪ್ರತಿ ಆಯುಧ ಪೂಜೆಗೆ ಕತ್ತಿ, ಕುಡುಗೋಲಿನ ಸಾಲಲ್ಲಿ ಇದೂ ಕೂರುತ್ತಿತ್ತಂತೆ. ಅದಕ್ಕೆ ಮುಂಚೆ ಹುಣಸೆಹಣ್ಣು ಹಾಕಿ ತಿಕ್ಕುವುದು ಅವರದೇ ಕೆಲಸ. ಯಾರು ತಂದದ್ದು ಅಂದರೆ, "ಮಾವನೋರ ಕಾಲದ್ದು" ಅಂದು ಸುಮ್ಮನಾದರು. ಮಾವನೋರು ಸೈನ್ಯದಲ್ಲಿ ಇರಲೇ ಇಲ್ಲವಂತೆ!

ಇನ್ನೊಂದು ತಮಾಷೆ ಇತ್ತು. ಒಳ್ಳೆಯ ಸ್ಟಿಕ್ಕಿಗೆ ಮಲಕ್ಕಾ ಬೆತ್ತ ಬೇಕು. ಅದರ ಗೆಣ್ಣುಗಳ ನಡುವೆ ಅಂತರ ಜಾಸ್ತಿ, ಹಾಗಾಗಿ ಗೆಣ್ಣೇ ಇಲ್ಲದ ಉದ್ದ ತುಂಡು ಸಿಗುತ್ತದೆ. ಈ ಕೋಲಿನಲ್ಲಿ ಗೇಣಿಗೊಂದು ಗೆಣ್ಣು. ನಮ್ಮ ಕಾಡಿನ ಬೆತ್ತದ ಹಾಗೇ ಇತ್ತು. ಹಳೇ ಕೋಲು ಮಳೆಗಾಲದ ಬೂಷ್ಟು ಹಿಡಿದೋ, ಹುಳು ತಿಂದೋ ಹೋಗಿರಬೇಕು. ಯಾರೋ ಬುಟ್ಟಿ ಹೆಣೆಯುವ ಬೆತ್ತ ತಂದು ತಲೆ ಕೂರಿಸಿದ್ದಾರೆ. ಅಂಟಿಗೆ ಹಲಸಿನ ಮೇಣ ಇರಬಹುದು, ಕಪ್ಪಗೆ ಗಟ್ಟಿಯಾಗಿದೆ.

ಸಂಗ್ರಹಕಾರರ ಲೆಕ್ಕದಲ್ಲಿ ಇದಕ್ಕೆ ಬೆಲೆಯೇ ಇಲ್ಲ. ಕೋಲು ಬದಲಾಗಿದೆ, ಲಾಂಛನ ಸವೆದಿದೆ. ನನಗಂತೂ ಗಾಜಿನ ಪೆಟ್ಟಿಗೆಯ ಹೊಳೆಯುವ ಸ್ಟಿಕ್ಕಿಗಿಂತ ಇದೇ ಇಷ್ಟವಾಯಿತು. ಪರೇಡ್ ಮೈದಾನದಿಂದ ಕುಡುಗೋಲಿನ ಪಕ್ಕಕ್ಕೆ ಬಂದು ಕುಂಕುಮ ಹಚ್ಚಿಸಿಕೊಂಡ ಕೋಲು ಎಷ್ಟು ಸಿಗುತ್ತದೆ, ಅಲ್ವಾ? ಚೌಕಾಸಿ ಮಾಡದೆ ಕೊಂಡೆ. ಬೆಂಗಳೂರಿನ ಗೆಳೆಯನೊಬ್ಬ ಫೋಟೋ ನೋಡಿ, ಮಲಕ್ಕಾ ಬೆತ್ತ ತರಿಸಿ ಸರಿ ಮಾಡಿಕೊಡುತ್ತೇನೆ ಅಂದ. ಬೇಡ ಅಂದೆ. ಅವನಿಗೆ ಇನ್ನೂ ಸಿಟ್ಟಿದೆ.