ಗಮಕ ಸಿಕ್ಕಿತು, ರಿವರ್ಬ್ ಇನ್ನೂ ಬಾಕಿ

ತೋಡಿ ರಾಗದ ಗಾಂಧಾರ, ಅಂದರೆ ಗಮಕ ಹಾಕಿ ತೂಗಾಡಿಸಬೇಕಾದ ಗ ಸ್ವರ, ಕೊನೆಗೂ ಅಲುಗಿತು! ಹಿಂದಿನ ಸಲ ಇದೇ ಗಾಂಧಾರದ ಮೇಲೆ ಸಿಟ್ಟು ಮಾಡಿಕೊಂಡು ಬರೆಯೋದನ್ನು ಅರ್ಧಕ್ಕೇ ನಿಲ್ಲಿಸಿದ್ದೆ, ಅದಕ್ಕೇ ಮೊದಲು ಈ ಸುದ್ದಿ ಹೇಳಿಬಿಡುತ್ತೇನೆ.

ಹಳೆ ರೆಕಾರ್ಡಿಂಗ್ ಸಾಫ್ಟ್‌ವೇರಿನಿಂದ ಹೊಸದಕ್ಕೆ ಹಾಡುಗಳನ್ನು ಸಾಗಿಸುವ ಕೆಲಸದಲ್ಲಿ ಆಡಿಯೋ ಭಾಗ ಮುಗಿದಿದೆ. ಎಲ್ಲ ಟ್ರ್ಯಾಕನ್ನೂ ಸೊನ್ನೆಯಿಂದ ಶುರುವಾಗೋ ಹಾಗೆ ಒಂದೇ ಉದ್ದದ ವೇವ್ (ಆಡಿಯೋ ಫೈಲ್) ಮಾಡಿ ಎಳೆದು ಹಾಕಿದೆ, ಕೂತವು. ಸ್ಯಾಂಪಲ್ ರೇಟ್ (ಸೆಕೆಂಡಿಗೆ ಶಬ್ದವನ್ನು ಎಷ್ಟು ಸಲ ಅಳೆದಿದೆ ಅನ್ನೋದು) ಮೊದಲೇ ನೋಡಿಕೊಳ್ಳಿ ಅಂತ ನಿಮಗೆ ಹೇಳಬೇಕಾಗಿಲ್ಲ. 48 ಕಿಲೋಹರ್ಟ್ಸ್‌ನದನ್ನು 44.1 ಅಂದುಕೊಂಡು ನುಡಿಸಿದರೆ ಹಾಡು ಸುಮಾರು ಒಂದೂವರೆ ಅರ್ಧಸ್ವರ (ಕೀಬೋರ್ಡಿನ ಒಂದು ಕೀಲಿಯಿಂದ ಪಕ್ಕದ ಕೀಲಿಗೆ ಇರುವ ಅಂತರವೇ ಅರ್ಧಸ್ವರ) ಕೆಳಗಿಳಿದು, ಗಾಯಕಿಗೆ ನೆಗಡಿ ಬಂದಿದೆಯೇನೋ ಅನ್ನಿಸುತ್ತದೆ.

ತಲೆನೋವು ಇದ್ದದ್ದು ವೀಣೆ ಟ್ರ್ಯಾಕಿನಲ್ಲಿ. ನಿಜವಾದ ವೀಣೆ ಅಲ್ಲ, ಕಂಪ್ಯೂಟರಿನಲ್ಲೇ ಶಬ್ದ ಹುಟ್ಟಿಸುವ ಸಾಫ್ಟ್‌ವೇರ್ ಸಿಂತ್. ನುಡಿಸಿದ್ದು ಎಂಪಿಇ ಕೀಬೋರ್ಡಿನಲ್ಲಿ, ಅಂದರೆ ಒತ್ತಿದ ಪ್ರತಿ ಕೀಲಿಗೂ ಬೇರೆ ಬೇರೆ ಮಿಡಿ ಚಾನೆಲ್, ಬೇರೆ ಬೇರೆ ಪಿಚ್ ಬೆಂಡ್. (ಮಿಡಿ ಅಂದರೆ ಶಬ್ದ ಅಲ್ಲ, ಯಾವ ಕೀಲಿ ಯಾವಾಗ ಒತ್ತಿದ್ದು ಅನ್ನೋ ಸೂಚನೆಗಳು. ಪಿಚ್ ಬೆಂಡ್ ಅಂದರೆ ಸ್ವರವನ್ನು ಮೇಲೆ ಕೆಳಗೆ ಎಳೆಯುವ ಸೂಚನೆ.) ಕೆಳಗೆ ತಾಳದ ತಂತಿಯ ಹಾಗೆ ಷಡ್ಜ ಹಿಡಿದುಕೊಂಡು ಮೇಲೆ ಗಾಂಧಾರವನ್ನು ತೂಗಬೇಕು ಅಂದರೆ ಇದಿಲ್ಲದೆ ಆಗಲ್ಲ.

"ಆ ಟ್ರ್ಯಾಕನ್ನೂ ಬೌನ್ಸ್ ಮಾಡಿ, ಅಂದ್ರೆ ಶಬ್ದವನ್ನೇ ಅಚ್ಚು ಹಾಕಿ, ವೇವ್ ತಗೊಂಡ್ರೆ ಮುಗೀತಲ್ವಾ?" ಅಂತ ಕೇಳುವವರಿಗೆ ಉತ್ತರ: ತಗೊಂಡಿದ್ದೆ. ಎಲ್ಲ ಆದಮೇಲೆ ಹಾಡುವವರ ಫೋನ್ ಬಂತು. "ಅಣ್ಣಾ, ಐದು ಮನೆ ಶ್ರುತಿ ಯಾಕೋ ಕೂರ್ತಿಲ್ಲ, ಅರ್ಧ ಮನೆ ಏರಿಸೋಕಾಗತ್ತಾ?" ಆಗಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಬೌನ್ಸ್ ಮಾಡಿದ ವೀಣೆಯ ಶ್ರುತಿ ಏರಿಸಿದರೆ ಮೀಟಿನ ಶಬ್ದ ಹಾಳಾಗುತ್ತದೆ. ನನ್ನ ಕಿವಿಗಂತೂ ಅದು ಕೇಳಲಾರದಷ್ಟು ಕೆಟ್ಟದಾಗಿತ್ತು. ಹಾಗಾಗಿ ಮಿಡಿಯೇ ಬೇಕು.

ಮಿಡಿ ಫೈಲ್ ತೆಗೆದು ಹೊಸ ಸಾಫ್ಟ್‌ವೇರಿಗೆ ಹಾಕಿದೆ. ಸಿಂತ್ ಅದೇ, ಪ್ರೀಸೆಟ್ (ವೀಣೆಯ ಶಬ್ದಕ್ಕೆ ಮೊದಲೇ ಮಾಡಿಟ್ಟ ಸೆಟ್ಟಿಂಗ್) ಅದೇ. ಪರದೆಯ ಮೇಲೆ ಬೆಂಡ್ ಗೆರೆಗಳೂ ಅವೇ ಏರು, ಅವೇ ಇಳಿತ. ಆದರೆ ಕೇಳಿಸುತ್ತಿದ್ದದ್ದು ಹಾರ್ಮೋನಿಯಂ ತೋಡಿ, ಸ್ವರದಿಂದ ಸ್ವರಕ್ಕೆ ಜಾರುವುದೇ ಇಲ್ಲ. ಆಕಾಶವಾಣಿಯವರು 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಹೊರಗಿಟ್ಟಿದ್ದರಲ್ಲ, ಅವತ್ತು ಅವರ ಕಷ್ಟ ನನಗೆ ಸ್ವಲ್ಪ ಅರ್ಥವಾಯಿತು.

ಲೆಕ್ಕ ಹಾಕಿದರೆ ಕಾರಣ ಗೊತ್ತಾಗುತ್ತದೆ. ಪಿಚ್ ಬೆಂಡ್ ಅಂದರೆ 0ಯಿಂದ 16383ರವರೆಗಿನ ಒಂದು ಸಂಖ್ಯೆ ಅಷ್ಟೇ, ನಡುವೆ 8192. ಆ ಸಂಖ್ಯೆ ಎಷ್ಟು ಸ್ವರ ಅನ್ನೋದು ಅದರಲ್ಲಿ ಇರಲ್ಲ. ಅದನ್ನು ತೀರ್ಮಾನಿಸೋದು ಸಿಂತ್‌ನಲ್ಲಿ ಇಟ್ಟಿರುವ ಬೆಂಡ್ ರೇಂಜ್. ಎಂಪಿಇಯಲ್ಲಿ ಸ್ವರಗಳ ಚಾನೆಲ್‌ಗೆ ವಾಡಿಕೆಯ ರೇಂಜ್ 48 ಅರ್ಧಸ್ವರ. ಸಾಮಾನ್ಯ ಮಿಡಿಯಲ್ಲಿ 2. ಗಾಂಧಾರದಿಂದ ಮಧ್ಯಮದ ತುದಿಯವರೆಗೆ ಎರಡು ಅರ್ಧಸ್ವರ ಎಳೆದಿದ್ದೆ ಅಂದರೆ 48ರ ರೇಂಜಿನಲ್ಲಿ ಅದು ಸುಮಾರು 341. ಅದೇ 341ನ್ನು 2ರ ರೇಂಜಿನ ಸಿಂತ್ ಓದಿದರೆ 200 ಸೆಂಟ್ (ಒಂದು ಅರ್ಧಸ್ವರಕ್ಕೆ 100) ಇರಬೇಕಾದ ಕಡೆ ಬರೀ 8 ಸೆಂಟ್! ತೋಡಿಯ ಗಾಂಧಾರ 8 ಸೆಂಟಿನಲ್ಲಿ ಏನು ತಾನೇ ಆಡೀತು?

ಪ್ರೀಸೆಟ್ ಮಾರಿದವರ ಬಗ್ಗೆ ಒಂದು ಮಾತು ಹೇಳದಿದ್ದರೆ ಸಮಾಧಾನ ಇಲ್ಲ. ಜಾಹೀರಾತಿನಲ್ಲಿ "ಅಪ್ಪಟ ಗಮಕ" ಅಂತ ದಪ್ಪ ಅಕ್ಷರ, ಜತೆಗೆ ಸೂರ್ಯಾಸ್ತದ ಮುಂದೆ ವೀಣೆಯ ಚಿತ್ರ. ಬೆಂಡ್ ರೇಂಜ್ ಎಷ್ಟು ಅಂತ ಇಡೀ ಕೈಪಿಡಿಯಲ್ಲಿ ಒಂದು ಸಾಲೂ ಇಲ್ಲ. ಮೇಲ್ ಮಾಡಿ ಕೇಳಿದರೆ ಹೊಸ ಆವೃತ್ತಿ ಕೊಳ್ಳಿ, ರಿಯಾಯಿತಿ ಇದೆ ಅಂದರು. ಹಳೆ ಸಾಫ್ಟ್‌ವೇರಿನವರದೂ ಅದೇ ರಾಗ, ಅಪ್‌ಗ್ರೇಡ್ ಮಾಡಿ ಅಂತ. ಬಿಟ್ಟು ಹೋಗುತ್ತಿರುವವನಿಗೆ ಅಪ್‌ಗ್ರೇಡ್ ಯಾಕ್ರೀ?

ಸರಿ, ಸಿಂತ್‌ನಲ್ಲಿ ಕೈಯಾರೆ ರೇಂಜನ್ನು 48 ಮಾಡಿದೆ. ಒಂಟಿ ಸ್ವರಗಳು ಬಂದವು, ಆಹಾ, ಗಾಂಧಾರ ತೂಗಿತು. ಆದರೆ ಕೆಳಗಿನ ಷಡ್ಜವೂ ಜತೆಯಲ್ಲೇ ತೂಗಿತು. ಶ್ರುತಿಯೇ ಎದ್ದು ಕುಣಿದರೆ ಹಾಡುವವರು ಎಲ್ಲಿಗೆ ಹೋಗಬೇಕು?

ಎಕ್ಸ್‌ಪೋರ್ಟ್ ಮಾಡುವಾಗ ಎಲ್ಲ ಚಾನೆಲ್ ಸೇರಿಹೋಗಿರಬೇಕು ಅನ್ನೋ ಅನುಮಾನ ಬಂದು ಫೈಲನ್ನು ಹೆಕ್ಸ್ ಎಡಿಟರಿನಲ್ಲಿ (ಫೈಲಿನ ಬೈಟುಗಳನ್ನು 16ರ ಲೆಕ್ಕದ ಅಂಕಿಗಳಲ್ಲಿ ತೋರಿಸುವ ಸಾಧನ) ತೆರೆದೆ. ಪಿಚ್ ಬೆಂಡ್ ಸಂದೇಶ ಮೂರು ಬೈಟಿನದು. ಮೊದಲನೇದು ಇ0ಯಿಂದ ಇಎಫ್‌ವರೆಗೆ, ಅದರ ಕೊನೆಯ ಅಂಕಿಯೇ ಚಾನೆಲ್. ಹುಡುಕಿದರೆ ಇ1 55 42 ಅಂತ ಸಿಕ್ಕಿತು. ಎಣಿಕೆ ಸೊನ್ನೆಯಿಂದ, ಹಾಗಾಗಿ ಇ1 ಅಂದರೆ ಎರಡನೇ ಚಾನೆಲ್. 42 ಮತ್ತು 55 ಹೆಕ್ಸ್ ಅಂದರೆ 66 ಮತ್ತು 85. 66ನ್ನು 128ರಿಂದ ಗುಣಿಸಿ 85 ಕೂಡಿಸಿದರೆ 8533. ನಡುವಿನ 8192 ಕಳೆದರೆ 341, ಸಾಕ್ಷಾತ್ ನನ್ನ ಮಧ್ಯಮದ ತುದಿ! ಷಡ್ಜ ಮೂರನೇ ಚಾನೆಲಿನಲ್ಲಿ ಸುಮ್ನೆ ಕೂತಿತ್ತು. ಅಂದರೆ ಫೈಲ್ ಸರಿಯಾಗೇ ಇದೆ. (ನೀವೂ ಹೀಗೆ ಹುಡುಕುವುದಾದರೆ ಗಮನಿಸಿ, ಒಂದೇ ಥರದ ಸಂದೇಶಗಳು ಸಾಲಾಗಿ ಬಂದರೆ ಮೊದಲ ಬೈಟನ್ನು ಮತ್ತೆ ಬರೆಯದೆ ಬಿಡಬಹುದು. ಇ1 ಕಾಣಲಿಲ್ಲ ಅಂತ ಗಾಬರಿ ಬೇಡ.)

ಫೈಲ್ ಸರಿ, ಸಿಂತ್ ಸರಿ, ಆದರೂ ಷಡ್ಜ ಕುಣಿಯುತ್ತಿದೆ. ಇಲ್ಲಿ ಬೇಜಾರಾಗಿ ಬೇರೆ ಕೆಲಸಕ್ಕೆ ಹೋದೆ. ಆ ಬೇರೆ ಕೆಲಸ ಕೊನ್ನಕೋಲು (ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವುದು) ಕಿಟ್. ತ, ಕ, ಧಿ, ಮಿ, ತೊಂ ಒಂದೊಂದನ್ನೂ ಹಲವು ಸಲ ಹೇಳಿಸಿ ರೆಕಾರ್ಡ್ ಮಾಡಿ ಪ್ಯಾಡ್‌ಗಳಿಗೆ ಹಂಚಬೇಕು, ಪ್ರತಿ ಹೊಡೆತಕ್ಕೂ ಬೇರೆ ಸ್ಯಾಂಪಲ್ ಬರಬೇಕು. ಇಲ್ಲದಿದ್ದರೆ ತಕತಕತಕ ಅನ್ನೋದು ಹೊಲಿಗೆ ಯಂತ್ರ ಆಗಿಬಿಡುತ್ತದೆ. ತೊಡಕು ಏನೆಂದರೆ "ತಕಿಟ"ದ ಕಿ ಬೇರೆ, ಒಂಟಿಯಾಗಿ ಹೇಳಿದ ಕಿ ಬೇರೆ. ಹಿಂದಿನ ಅಕ್ಷರ ಯಾವುದು ಅನ್ನೋದರ ಮೇಲೆ ಸ್ಯಾಂಪಲ್ ಆರಿಸಬೇಕು. ನಮ್ಮ ಮೃದಂಗದ ಮೇಷ್ಟ್ರು ಒಪ್ಪಿದ್ದಾರೆ, ಆದರೆ ಪಕ್ಕದ ಮನೆ ಕುಕ್ಕರ್ ಕೂಗದ ಹೊತ್ತು ಹುಡುಕಬೇಕು. ಇದರ ಬಗ್ಗೆ ಬೇರೆಯಾಗಿ ಬರೆಯುತ್ತೇನೆ.

ಪ್ಯಾಡ್ ಪ್ರಯತ್ನಿಸೋಕೆ ಅದೇ ಎಂಪಿಇ ಕೀಬೋರ್ಡನ್ನು ಹೊಸ ಸಾಫ್ಟ್‌ವೇರಿಗೆ ಸಿಕ್ಕಿಸಿದೆ. ವೀಣೆ ಪ್ರಾಜೆಕ್ಟ್ ತೆರೆದೇ ಇತ್ತು. ಕೈ ತಾಗಿ ಪ್ಲೇ ಆಯಿತು. ಷಡ್ಜ ನಿಂತಿದೆ, ಗಾಂಧಾರ ತೂಗುತ್ತಿದೆ, ಎಲ್ಲ ಸರಿ! ಕೀಬೋರ್ಡ್ ಕಿತ್ತು, ಸಾಫ್ಟ್‌ವೇರ್ ಮುಚ್ಚಿ ತೆರೆದರೆ ಮತ್ತೆ ಕುಣಿತ. ಸಿಕ್ಕಿಸಿದರೆ ಸರಿ, ಕಿತ್ತರೆ ತಪ್ಪು.

ಕೀಬೋರ್ಡ್ ಶುರುವಿನಲ್ಲೇ ಏನೋ ಪಿಸುಗುಟ್ಟುತ್ತಿದೆ ಅಂತ ಆಗ ಹೊಳೆಯಿತು. ಎಂಪಿಇ ಮಿಡಿಯ ಅಧಿಕೃತ ಭಾಗವಾದದ್ದು 2018ರಲ್ಲಿ. ಆ ನಿಯಮದ ಪ್ರಕಾರ ಕೀಬೋರ್ಡ್ ಒಂದನೇ ಚಾನೆಲಿನಲ್ಲಿ, ಆರ್‌ಪಿಎನ್ 6 (ಸಿಂತ್ ಸೆಟ್ಟಿಂಗ್ ಬದಲಿಸುವ ಒಂದು ಮಿಡಿ ಸಂದೇಶ) ಮೂಲಕ, "ನನ್ನ ಹತ್ತಿರ ಸ್ವರಗಳಿಗೆ ಇಷ್ಟು ಚಾನೆಲ್ ಇವೆ" ಅಂತ ಹೇಳಬೇಕು. ಅದನ್ನು ಕೇಳಿಸಿಕೊಂಡ ಸಿಂತ್ ಎಂಪಿಇಗೆ ಬದಲಾಗಿ, ಸ್ವರದ ಚಾನೆಲ್‌ಗಳ ರೇಂಜನ್ನು ತಾನೇ 48 ಮಾಡಿಕೊಳ್ಳುತ್ತದೆ. ನನ್ನ ಸಿಂತ್‌ನಲ್ಲಿ ಎಂಪಿಇಗೆ ಬಟನ್ನೇ ಇಲ್ಲ, ಈ ಸಂದೇಶ ಬಂದರಷ್ಟೇ ಅದಕ್ಕೆ ಗೊತ್ತಾಗೋದು. ಇಲ್ಲದಿದ್ದರೆ ಎಲ್ಲ ಚಾನೆಲನ್ನೂ ಒಂದೇ ಅಂದುಕೊಳ್ಳುತ್ತದೆ. ಹಳೆ ಸಾಫ್ಟ್‌ವೇರಿನಲ್ಲಿ ಕೆಲಸ ಮಾಡುವಾಗ ಕೀಬೋರ್ಡ್ ಯಾವಾಗಲೂ ಸಿಕ್ಕಿಸಿಯೇ ಇರುತ್ತಿತ್ತು. ರೆಕಾರ್ಡ್ ಬಟನ್ ಒತ್ತುವ ಮೊದಲೇ ಸಂದೇಶ ಬಂದು ಹೋಗಿರುವುದರಿಂದ ಫೈಲಿನಲ್ಲಿ ಅದರ ಸುಳಿವೇ ಇಲ್ಲ.

ಹಾಗಾದರೆ ನಾವೇ ಬರೆದರಾಯಿತು. ಒಂದನೇ ಚಾನೆಲಿನಲ್ಲಿ ಸಿಸಿ (ಕಂಟ್ರೋಲ್ ಚೇಂಜ್, ಅಂದರೆ ನಂಬರ್ ಇರುವ ಮಿಡಿ ಸೂಚನೆ) 101ಕ್ಕೆ 0, ಸಿಸಿ 100ಕ್ಕೆ 6, ಸಿಸಿ 6ಕ್ಕೆ 7. ಕೊನೆಯ 7 ಅಂದರೆ ನಾನು ಬಳಸಿದ ಏಳು ಸ್ವರ ಚಾನೆಲ್‌ಗಳು, 2ರಿಂದ 8. ಮೂರನ್ನೂ ಹಾಡಿನ ಮೊದಲ ಟಿಕ್ಕಿನಲ್ಲಿ (ಟಿಕ್ ಅಂದರೆ ಸಾಫ್ಟ್‌ವೇರ್ ಕಾಲ ಎಣಿಸುವ ಸಣ್ಣ ಅಳತೆ) ಹಾಕಿ ಪ್ಲೇ ಒತ್ತಿದೆ. ಷಡ್ಜ ಕುಣಿಯಿತು.

ನಿಜ ಹೇಳ್ತೀನಿ, ಕಂಪ್ಯೂಟರನ್ನೇ ಎತ್ತಿ ಬಾವಿಗೆ ಹಾಕೋಣ ಅನ್ನಿಸಿತು. ಇವೆಂಟ್ ಲಿಸ್ಟ್ ತೆರೆದು ನೋಡಿದರೆ ಮೂರೂ ಇವೆ. ಆದರೆ ಕ್ರಮ 6, 100, 101! ಒಂದೇ ಟಿಕ್ಕಿನಲ್ಲಿ ಇದ್ದದ್ದನ್ನು ಸಾಫ್ಟ್‌ವೇರ್ ನಂಬರಿನ ಪ್ರಕಾರ ಜೋಡಿಸಿಬಿಟ್ಟಿದೆ. ಆರ್‌ಪಿಎನ್‌ನಲ್ಲಿ ಮೊದಲು 101 ಮತ್ತು 100 ಬಂದು ಯಾವ ವಿಷಯ ಅಂತ ಹೇಳಬೇಕು, ಆಮೇಲೆ 6 ಬಂದು ಬೆಲೆ ಹೇಳಬೇಕು. ವಿಷಯ ಗೊತ್ತಿಲ್ಲದೆ ಮೊದಲೇ ಬಂದ 7ನ್ನು ಸಿಂತ್ ಕಸಕ್ಕೆ ಹಾಕಿದೆ, ಅದರ ತಪ್ಪೇನಿಲ್ಲ.

ಪರಿಹಾರ ನಗು ಬರುವಷ್ಟು ಸಣ್ಣದು. ಒಂದೊಂದನ್ನೂ 20 ಟಿಕ್ ದೂರ ಇಟ್ಟೆ. ಒಂದು ಬೀಟ್‌ಗೆ 960 ಟಿಕ್, ವೇಗ ನಿಮಿಷಕ್ಕೆ 60 ಬೀಟ್ ಇರುವಾಗ 20 ಟಿಕ್ ಅಂದರೆ ಸುಮಾರು 21 ಮಿಲಿಸೆಕೆಂಡ್. ಕೊನೆಗೆ 101 ಮತ್ತು 100 ಎರಡಕ್ಕೂ 127 ಹಾಕಿ ಬಾಗಿಲು ಮುಚ್ಚಿದೆ. ಇಲ್ಲದಿದ್ದರೆ ಮುಂದೆ ಎಲ್ಲೋ ಬರುವ ಸಿಸಿ 6 ಮತ್ತೆ ಚಾನೆಲ್ ಲೆಕ್ಕ ಕೆಡಿಸೀತು. ಇಷ್ಟಕ್ಕೆಲ್ಲ ಜಾಗ ಬೇಕು ಅಂತ ಇಡೀ ಪ್ರಾಜೆಕ್ಟನ್ನು ಒಂದು ಬಾರ್ ಮುಂದೆ ತಳ್ಳಿದೆ, ವೇವ್‌ಗಳೂ ಜತೆಗೆ ಹೋದವು.

ಪ್ಲೇ. ಷಡ್ಜ ಅಲ್ಲಾಡಲಿಲ್ಲ, ಗಾಂಧಾರ ತೂಗಿತು. ಕೀಬೋರ್ಡ್ ಕಪಾಟಿನಲ್ಲಿತ್ತು. ಸ್ವರಗಳನ್ನೆಲ್ಲ ಒಂದು ಅರ್ಧಸ್ವರ ಏರಿಸಿ ಕಳಿಸಿದೆ. "ಈಗ ಸರಿಯಾಗಿದೆ ಅಣ್ಣಾ, ಆದ್ರೆ ಮೊದಲಿಂದೇ ಚೆನ್ನಾಗಿತ್ತೇನೋ" ಅಂತ ಉತ್ತರ ಬಂತು. ಅದರ ಬಗ್ಗೆ ಮಾತಾಡೋದು ಬೇಡ.

ಒಂದು ತೊಂದರೆ ಉಳಿದಿದೆ. ಪ್ರಾಜೆಕ್ಟ್ ತೆರೆದು ನೇರವಾಗಿ ನಡುವಿನಿಂದ ಪ್ಲೇ ಮಾಡಿದರೆ ಸಂದೇಶ ಹೋಗಿರಲ್ಲ, ಒಮ್ಮೆ ಮೊದಲ ಬಾರ್ ದಾಟಿಸಲೇಬೇಕು. ಸದ್ಯಕ್ಕೆ ಟ್ರ್ಯಾಕಿನ ಹೆಸರನ್ನೇ "ಮೊದಲಿಂದ ಪ್ಲೇ ಮಾಡು" ಅಂತ ಇಟ್ಟಿದ್ದೇನೆ.

ಒಂದು ಸಾಫ್ಟ್‌ವೇರಿನ ಪ್ರಾಜೆಕ್ಟನ್ನು ಇನ್ನೊಂದಕ್ಕೆ ಸಾಗಿಸುವ ಡಾಪ್ರಾಜೆಕ್ಟ್ ಬಳಸಬಹುದಿತ್ತಲ್ವಾ ಅನ್ನುವವರು ಇದ್ದೀರಿ, ಗೊತ್ತು. 2023ರಲ್ಲಿ ಬಿಟ್‌ವಿಗ್ ಮತ್ತು ಪ್ರಿಸೋನಸ್ ಕಂಪನಿಗಳು ಸೇರಿ ಬಿಡುಗಡೆ ಮಾಡಿದ ಆ ಮುಕ್ತ ಫಾರ್ಮ್ಯಾಟ್ ನನಗೂ ಇಷ್ಟ. ಬರೀ ಒಂದು ಜಿಪ್, ಒಳಗೆ ಎಕ್ಸ್‌ಎಂಎಲ್, ಪ್ಲಗಿನ್ ಸೆಟ್ಟಿಂಗ್ ಕೂಡ ಜತೆಗೇ ಬರುತ್ತದೆ. ಕ್ಯೂಬೇಸ್ 14 ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್ ಕೂಡ ಅದನ್ನು ಓದುತ್ತದೆ. ನನ್ನ ಹಳೆ ಸಾಫ್ಟ್‌ವೇರಿಗೆ ಮಾತ್ರ ಅದರ ಹೆಸರೇ ಗೊತ್ತಿಲ್ಲ. ಒಎಂಎಫ್ ಅನ್ನೋ ಇನ್ನೊಂದು ಫಾರ್ಮ್ಯಾಟ್ ಬರುತ್ತದೆ, ಆದರೆ ಅದರಲ್ಲಿ ಮಿಡಿ ಹೋಗಲ್ಲ.

ಇನ್ನು ರಿವರ್ಬ್, ಅಂದರೆ ಶಬ್ದಕ್ಕೆ ಸಭಾಂಗಣದ ಗುಂಗು ಕೊಡುವ ಪ್ಲಗಿನ್. ಹಳೆ ಸಾಫ್ಟ್‌ವೇರಿನ ಜತೆ ಬಂದಿದ್ದ ರಿವರ್ಬ್ ಹೊರಗೆ ಎಲ್ಲೂ ತೆರೆಯಲ್ಲ. ಅದರೊಳಗೆ ಒಂದೇ ಒಂದು ಸ್ಯಾಂಪಲ್ಲಿನ ಕ್ಲಿಕ್ ಕಳಿಸಿ, ಹೊರಬಂದ ಬಾಲವನ್ನು ವೇವ್ ಮಾಡಿ, ಅಂಥ ಬಾಲವನ್ನೇ ಹಾಡಿಗೆ ಅಂಟಿಸುವ ಕನ್ವಲ್ಯೂಷನ್ ರಿವರ್ಬ್‌ಗೆ ಹಾಕಿ ನೋಡಿದೆ. ಎಡ ಕಿವಿಗೆ ಸರಿ, ಬಲ ಕಿವಿಗೆ ಏನೋ ತೆಳು. ಒಳಗೆ ಮಾಡ್ಯುಲೇಷನ್ (ಗುಂಗು ಹೊತ್ತುಹೊತ್ತಿಗೆ ಬದಲಾಗುತ್ತಿರುವುದು) ಇದ್ದರೆ ಈ ಉಪಾಯ ಪೂರ್ತಿ ಕೆಲಸ ಮಾಡಲ್ಲ. ಲೈಸೆನ್ಸ್ ಮುಗಿಯುವ ಮೊದಲು ಮಾಡ್ಯುಲೇಷನ್ ಆಫ್ ಮಾಡಿ ಇನ್ನೊಂದು ಸಲ ಕ್ಲಿಕ್ ಕಳಿಸಬೇಕು.