ಸರ್ವಾನುಮತ ಅಂತ ಬರೆಯಬೇಡಿ

ಜನವರಿಯಲ್ಲಿ ಕೊಡಗಿನಲ್ಲಿ ಗ್ರಾಮಸಭೆಗೆ ಜನ ಸೇರಿಸುವುದು ಸುಲಭವಲ್ಲ. ಅರೇಬಿಕಾ ಮುಗಿಯುವ ಹೊತ್ತಿಗೆ ರೊಬಸ್ಟಾ ಹಣ್ಣಾಗಿರುತ್ತದೆ, ಕಣದ ತುಂಬ ಕಾಫಿ ಹರಡಿರುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಬರುವವರು ತೋಟದ ಮಾಲೀಕರು, ಗುತ್ತಿಗೆದಾರರು, ನಿವೃತ್ತರು. ದಿನಗೂಲಿ ಕಳೆದುಕೊಂಡು ಯಾರು ಬಂದಾರು? ಸಂಜೆ ಐದಕ್ಕೆ ಇಟ್ಟರೆ ಹೆಂಗಸರು ಬರುವುದಿಲ್ಲ. ಕತ್ತಲಾದ ಮೇಲೆ ದಾರಿಯಲ್ಲಿ ಆನೆ ಭಯ. ಜನರಿಗೆ ಆಸಕ್ತಿಯೇ ಇಲ್ಲ ಎಂದು ದೂರುವವರು ಮೊದಲು ಸಭೆಯ ನೋಟೀಸಿನಲ್ಲಿ ಗಂಟೆ ಎಷ್ಟು ಬರೆದಿದೆ ಅಂತ ನೋಡಬೇಕು.

ದಕ್ಷಿಣ ಕೊಡಗಿನ ಒಂದು ಪಂಚಾಯತಿಯಲ್ಲಿ ಅಂಥದೇ ಒಂದು ಮಂಗಳವಾರ ಸಭೆ ಇದ್ದದ್ದು ಮಧ್ಯಾಹ್ನ ಮೂರೂವರೆಗೆ. ತೋಟದವರೊಂದಿಗೆ ಮಾತಾಡಿ ಆಳುಗಳನ್ನು ಒಂದು ಗಂಟೆ ಮೊದಲೇ ಬಿಡಿಸಿದ್ದರು, ವಾಪಸು ಬಿಡಲು ಎರಡು ಜೀಪು ಹೇಳಿದ್ದರು. ನಾಲ್ಕು ಗಂಟೆಗೆ ಹಾಜರಿ ಪುಸ್ತಕದಲ್ಲಿ 114 ಸಹಿ, ಹೆಬ್ಬೆಟ್ಟೂ ಸೇರಿ. ಅದರಲ್ಲಿ ಹೆಂಗಸರು 41. ಗ್ರಾಮಸಭೆಯ ಕೋರಂ, ಅಂದರೆ ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿ, ಒಟ್ಟು ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅದು. ಬಂದವರಲ್ಲಿ ಶೇಕಡ 30ಕ್ಕೆ ಕಡಿಮೆಯಿಲ್ಲದಂತೆ ಮಹಿಳೆಯರು ಇರಬೇಕು. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದು ಇದೆ. ಕೋರಂ ಕೆಡುವುದು ಹೆಚ್ಚಾಗಿ ಹಾಜರಿ ಪುಸ್ತಕದಲ್ಲಿ. ಸಭೆಗೆ ಮೊದಲೇ ಪುಸ್ತಕವನ್ನು ಮನೆಮನೆಗೆ ಕಳಿಸಿ ಸಹಿ ಹಾಕಿಸಿದರೆ ಲೆಕ್ಕ ಸರಿಯಾಗುತ್ತದೆ, ಕುರ್ಚಿ ಮಾತ್ರ ಖಾಲಿ ಇರುತ್ತದೆ. ಬಾಗಿಲಲ್ಲಿ ಒಬ್ಬರನ್ನು ಕೂರಿಸಿ, ಒಳಗೆ ಬಂದವರಿಂದಲೇ ಸಹಿ ಹಾಕಿಸುವುದು ಇದಕ್ಕೆ ಇರುವ ಒಂದೇ ಮದ್ದು.

ವಿಷಯ ಕಸದ್ದು. ಹೋಂಸ್ಟೇಗಳು ಹೆಚ್ಚಿದ ಮೇಲೆ ರಸ್ತೆ ಬದಿಯ ಚರಂಡಿಯಲ್ಲಿ ನೀರಿನ ಬಾಟಲಿ, ಚಿಪ್ಸ್ ಪೊಟ್ಟಣ, ಮಗುವಿನ ಡೈಪರ್ ತುಂಬಿ ಹೋಗಿತ್ತು. ಒಣಕಸ ಬೇರ್ಪಡಿಸುವ ಶೆಡ್ಡಿಗೆ ಪಂಚಾಯತಿ ತೋರಿಸಿದ್ದು ತೋಡಿನ, ಅಂದರೆ ಸಣ್ಣ ಹಳ್ಳದ, ಪಕ್ಕದ ಐವತ್ತು ಸೆಂಟು ಪೈಸಾರಿ (ಸರ್ಕಾರಿ ಜಾಗ). ಆ ತೋಡು ಕೊನೆಗೆ ಸೇರುವುದು ಕಾವೇರಿಗೆ.

ವಿರೋಧ ಎದ್ದದ್ದು ತೋಡಿನ ಆಚೆಯವರಿಂದ. ಮೊದಲು ಎದ್ದು ನಿಂತ ಹೆಂಗಸಿಗೆ ಅರವತ್ತು ದಾಟಿರಬೇಕು. ಕೈಯಲ್ಲಿ ಮೂರು ಫೋಟೋ, ಹಿಂದಿನ ಜುಲೈಯವು. ತೋಡಿನ ನೀರು ಬೇಲಿಕಂಬದ ಎರಡನೇ ತಂತಿ ಮುಟ್ಟಿದ್ದು ಅದರಲ್ಲಿ ಕಾಣುತ್ತಿತ್ತು. ಅವರು ಯಾರನ್ನೂ ಬೈಯಲಿಲ್ಲ. ಜಾಗದ ಸರ್ವೆ ನಂಬರ್ ಹೇಳಿದರು, ನೀರು ಎಲ್ಲಿಯವರೆಗೆ ಬರುತ್ತದೆ ಹೇಳಿದರು, ಮೇಲಿನ ರಸ್ತೆಯ ಬದಿಗೆ ಇನ್ನೊಂದು ಜಾಗ ತೋರಿಸಿದರು. ಎಲ್ಲ ಸೇರಿ ನಾಲ್ಕು ನಿಮಿಷ. ವಿರೋಧಿಸುವವರು ಬದಲಿ ದಾರಿಯನ್ನೂ ತೋರಿಸಿದಾಗ ಸಭೆಗೆ ಅದನ್ನು ತಳ್ಳಿಹಾಕುವುದು ಕಷ್ಟವಾಗುತ್ತದೆ.

ಹಿಂದಿನ ಸಾಲಿನಿಂದ ಒಬ್ಬರು ಕೂಗಿದರು: "ನಿಮ್ಮ ತೋಟದ ಬೆಲೆ ಇಳಿಯುತ್ತೆ ಅಂತ ಅಲ್ವಾ ಅಕ್ಕ?"

ಇಂಥ ಮಾತಿಗೆ ಸಭೆಗಳು ಒಡೆದುಹೋಗಿವೆ. ಆಕೆ ತಿರುಗಿ ನಿಂತು, "ಹೌದಣ್ಣ, ಅದೂ ಇದೆ. ಆದ್ರೆ ನೀರು ಬರೋದೂ ಸುಳ್ಳಲ್ಲ" ಅಂದರು. ಇಡೀ ಸಭಾಂಗಣ ಒಂದು ಕ್ಷಣ ಸುಮ್ಮನಾಯಿತು. ತನ್ನ ಸ್ವಾರ್ಥವನ್ನು ತಾನೇ ಒಪ್ಪಿಕೊಂಡವರ ಮುಂದೆ ಆರೋಪ ನಿಲ್ಲುವುದಿಲ್ಲ. ಆಮೇಲೆ ಮಾತು ನೀರಿನ ಬಗ್ಗೆಯೇ ನಡೆಯಿತು.

ಅಭಿವೃದ್ಧಿಗೆ ಅಡ್ಡಗಾಲು ಹಾಕಬಾರದು ಎಂಬ ಮಾತು ವೇದಿಕೆಯಿಂದ ಬಂದಾಗ ಒಬ್ಬ ಹಿರಿಯರು ಎದ್ದು ಕೊಡಗಿನ ಹಳೆಯ ವಿಧಾನಸಭೆಯನ್ನು ನೆನಪಿಸಿದರು. 1952ರಲ್ಲಿ ಕೊಡಗು ಪ್ರತ್ಯೇಕ ರಾಜ್ಯ, 24 ಸ್ಥಾನದ ಸಭೆ. ಕಾಂಗ್ರೆಸ್ಸಿಗೆ 15, ಮೈಸೂರು ರಾಜ್ಯದೊಂದಿಗೆ ವಿಲೀನ ಬೇಡವೆಂದ ತಕ್ಕಡಿ ಪಕ್ಷಕ್ಕೆ 9. ಮುಖ್ಯಮಂತ್ರಿ ಸಿ.ಎಂ. ಪೂಣಚ್ಚ, ತಕ್ಕಡಿ ಪಕ್ಷದ ನಾಯಕ ಪಂದ್ಯಂಡ ಬೆಳ್ಯಪ್ಪ. ಇಬ್ಬರೂ ಸ್ವಾತಂತ್ರ್ಯ ಹೋರಾಟದಿಂದ ಬಂದವರೇ. 1956ರ ನವೆಂಬರ್ 1ಕ್ಕೆ ವಿಲೀನ ಆಗಿಯೇ ಹೋಯಿತು. "ಸೋತವರನ್ನ ಕೊಡಗಿನ ವೈರಿಗಳು ಅಂತ ಯಾರಾದ್ರೂ ಅಂತಾರಾ ಇವತ್ತು?" ಎಂದು ಕೇಳಿ ಅವರು ಕೂತರು. ವಿಲೀನ ಸರಿಯೋ ತಪ್ಪೋ ಅಂತ ಇಂದಿಗೂ ಚಹಾ ಹೊತ್ತಿನಲ್ಲಿ ವಾದ ನಡೆಯುವ ಜಿಲ್ಲೆ ಇದು. ಆ ಪ್ರಶ್ನೆ ಎಲ್ಲರಿಗೂ ನಾಟಿತು.

ಕೈ ಎತ್ತಿಸಿದರು. ಎಣಿಸಲು ಎರಡೂ ಕಡೆಯಿಂದ ಒಬ್ಬೊಬ್ಬರು ಸಾಲು ಸಾಲಿಗೆ ಒಟ್ಟಿಗೇ ನಡೆದರು. ವೇದಿಕೆ ಮೇಲೆ ಕೂತು ಅಂದಾಜು ಹಾಕಿದರೆ ಆಮೇಲೆ ಗಲಾಟೆ ತಪ್ಪಿದ್ದಲ್ಲ. ಪರ 63, ವಿರೋಧ 41. ಹತ್ತು ಜನ ಕೈ ಎತ್ತಲೇ ಇಲ್ಲ.

ಮುಖ್ಯವಾದದ್ದು ಇದರ ನಂತರದ ಹತ್ತು ನಿಮಿಷ. ಕಾರ್ಯದರ್ಶಿ ನಡಾವಳಿ ಪುಸ್ತಕದಲ್ಲಿ ರೂಢಿಯಂತೆ "ಸರ್ವಾನುಮತದಿಂದ ಅಂಗೀಕರಿಸಲಾಯಿತು" ಎಂದು ಬರೆದಿದ್ದರು. ಕೆಟ್ಟ ಉದ್ದೇಶ ಇರಲಿಲ್ಲ, ಕೈಗೆ ಅಭ್ಯಾಸವಾದ ವಾಕ್ಯ ಅದು. ಸಭೆ ಏಳುವ ಮೊದಲು ನಡಾವಳಿ ಓದಿಸಿ ಎಂದು ಆ ಹೆಂಗಸು ಕೇಳಿದ್ದರಿಂದ ವಿಷಯ ಹೊರಬಿತ್ತು. "ಸರ್ವಾನುಮತ ಅಂತ ಬರೀಬೇಡಿ. ನಾವು ನಲವತ್ತೊಂದು ಜನ ಇಲ್ಲೇ ಕೂತಿದ್ದೇವೆ."

ಕಾರ್ಯದರ್ಶಿ ಬಿಳಿ ಬಣ್ಣ ಬಳಿಯಲಿಲ್ಲ, ಹಾಳೆ ಹರಿಯಲಿಲ್ಲ. ಆ ಪದದ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ "ಬಹುಮತದಿಂದ, ಪರ 63, ವಿರೋಧ 41" ಎಂದು ಬರೆದು, ತಿದ್ದಿದ ಜಾಗಕ್ಕೆ ಅಧ್ಯಕ್ಷರ ಸಹಿ ಪಡೆದರು. ವಿರೋಧದ ಕಾರಣ ಮೂರು ಸಾಲಿನಲ್ಲಿ ಬಂತು: ಮಳೆಗಾಲದ ನೀರಿನ ಮಟ್ಟ, ತೋಡಿಗೆ ಇರುವ ಅಂತರ, ಸೂಚಿಸಿದ ಬದಲಿ ಜಾಗ. ಗೆದ್ದವರ ಕಡೆಯ ಒಬ್ಬ ಯುವಕನೇ ಒಂದು ಷರತ್ತು ಸೇರಿಸಲು ಹೇಳಿದ. ಶೆಡ್ಡಿನ ನೆಲ ಮೂರಡಿ ಏರಿಸಬೇಕು, ತೋಡಿನ ಬದಿಗೆ ಗೋಡೆ ಬರಬೇಕು, ಮೊದಲ ಮಳೆಗಾಲ ಕಳೆದ ಮೇಲೆ ಇದೇ ವಿಷಯ ಮುಂದಿನ ಸಭೆಯ ಮೊದಲ ಅಂಶವಾಗಬೇಕು. ಇದಕ್ಕೆ ಮಾತ್ರ ಯಾರೂ ತಕರಾರು ತೆಗೆಯಲಿಲ್ಲ.

ನನ್ನ ಮಟ್ಟಿಗೆ ಅವತ್ತು ಎರಡೂ ಕಡೆ ಸತ್ಯ ಇತ್ತು. ರಸ್ತೆ ಬದಿ ಪ್ಲಾಸ್ಟಿಕ್ ಸುಡುವುದು ನಿಲ್ಲಲೇಬೇಕಿತ್ತು. ತೋಡಿನ ಪಕ್ಕ ಶೆಡ್ಡಿಗೆ ಸರಿಯಾದ ಜಾಗವೂ ಅಲ್ಲ. ಸೋತವರ ಕಾರಣ ಪುಸ್ತಕದಲ್ಲಿ ಉಳಿದರೆ ಆರು ತಿಂಗಳ ನಂತರ ಅದನ್ನು ಹಿಡಿದು ಮತ್ತೆ ಕೇಳಬಹುದು. ಹಿಂದಿನ ತೀರ್ಮಾನಗಳು ಏನಾದವು ಎಂದು ಹೇಳುವ ಅನುಪಾಲನಾ ವರದಿ ಓದುವವರು ಆ ಸಾಲನ್ನು ದಾಟಿಹೋಗಲು ಆಗುವುದಿಲ್ಲ. ಸರ್ವಾನುಮತ ಅಂತ ಬರೆದರೆ ಕೇಳಲು ಏನೂ ಉಳಿಯುವುದಿಲ್ಲ, ಸೋತವರು ಮುಂದಿನ ಸಭೆಗೆ ಬರುವುದನ್ನೇ ಬಿಡುತ್ತಾರೆ. ಅವರ ಜೊತೆ ಅವರ ಮಕ್ಕಳೂ.

ನಡಾವಳಿಯ ನಕಲು ಬೇಕಿದ್ದರೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಡಬಹುದು, ಪುಟಕ್ಕೆ ಎರಡು ರೂಪಾಯಿ. ಆ ಹೆಂಗಸು ಮರುದಿನವೇ ಬಂದು ಅರ್ಜಿ ಕೊಟ್ಟರು. ಗೆರೆ ಎಳೆದ ಪದ ನಕಲಿನಲ್ಲಿ ಕಾಣಬೇಕು ಎಂದು ಹೇಳಿ ಹೋದರು. ಸೆಪ್ಟೆಂಬರಿನ ಸಭೆಗೆ ಅವರು ಬಂದಾಗ ಆ ಹಾಳೆ ಫೋಟೋಗಳ ಜೊತೆ ಒಂದೇ ಪ್ಲಾಸ್ಟಿಕ್ ಕವರಿನಲ್ಲಿತ್ತು. ನಾಲ್ಕನೆಯ ಫೋಟೋ ಹೊಸದು: ಏರಿಸಿದ ನೆಲ, ತೋಡಿನ ಬದಿಯ ಗೋಡೆ, ಗೋಡೆಯ ಮೇಲೆ ಒಂದೂವರೆ ಅಡಿ ಎತ್ತರಕ್ಕೆ ನೀರು ನಿಂತ ಗುರುತು.